ಬಂಗಲೆಯಾಕಿ ಮತ್ತು ಬಾಣಂತಿ

ಸಿನಿಮಾದ ಖಳನಾಯಕರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ನಮೂನೆಯ ಗೌರವ. ನಾಯಕಿಯನ್ನು ಹೊತ್ತುಕೊಂಡು ಹೋಗಿ ಗೋದಾಮಿನ ಕಂಬಕ್ಕೆ ಕಟ್ಟಿಹಾಕುವವನು ಬರೀ ಪುಂಡ. ನಿಜವಾದ ಖಳನಾಯಕ ಬಂಗಲೆ ಕೊಡುತ್ತಾನೆ. ಗುಂಡಗಿನ ಹಾಸಿಗೆ, ಕೆಂಪು ಪರದೆ, ಬೆಳ್ಳಿ ತಟ್ಟೆಯಲ್ಲಿ ದ್ರಾಕ್ಷಿ, ಕಪಾಟಿನ ತುಂಬ ರೇಷ್ಮೆ ಸೀರೆ. ಸಂಜೆ ಬಂದು, "ನಿನಗಿಲ್ಲಿ ಏನು ಕಡಿಮೆಯಾಗಿದೆ?" ಎಂದು ಕೇಳುತ್ತಾನೆ. ಆಕೆ ತಟ್ಟೆ ಎತ್ತಿ ಗೋಡೆಗೆ ಬೀಸುತ್ತಾಳೆ. ಉರುಳಿಹೋದ ಆ ದ್ರಾಕ್ಷಿಯನ್ನು ಆಮೇಲೆ ಯಾರು ಆರಿಸುತ್ತಾರೆ ಎಂದು ಯಾವ ನಿರ್ದೇಶಕನೂ ಇಲ್ಲಿಯವರೆಗೆ ತೋರಿಸಿಲ್ಲ.

ನಾನು ಚಿತ್ರಕಲೆ ಕಲಿಸುವ ಟೀಚರು. ಹಾಗಾಗಿ ಈ ಸುಖದ ಸೆರೆ ನನಗೆ ಸಿನಿಮಾದಲ್ಲಷ್ಟೇ ಅಲ್ಲ, ಚಿತ್ರಗಳಲ್ಲೂ ಎದುರಾಗುತ್ತದೆ. ಹಳೆ ಕ್ಯಾಲೆಂಡರಿನಲ್ಲಿ ಮೈತುಂಬ ಒಡವೆ ಹೇರಿಕೊಂಡ ರಾಣಿ ಕಿಟಕಿಯ ಬಳಿ ಕುಳಿತಿರುತ್ತಾಳೆ, ಪಕ್ಕದಲ್ಲಿ ಪಂಜರದ ಗಿಳಿ. ಎರಡೂ ಮೂತಿ ಸಪ್ಪಗೆ ಮಾಡಿಕೊಂಡು ಹೊರಗೆ ನೋಡುತ್ತಿರುತ್ತವೆ. ಅದನ್ನೇ ಬಿಡಿಸಿರೆಂದು ಹೇಳಿದರೆ ನಮ್ಮ ಹುಡುಗರು ಗಿಳಿಗೆ ಚೆಂದಗೆ ಹಸಿರು ಬಳಿದು, ರಾಣಿಗೆ ಮೀಸೆ ಬರೆದು ತರುತ್ತಾರೆ. ಇನ್ನು ಟಿವಿಯಲ್ಲಿ ದೊಡ್ಡ ಮನೆಯೊಳಗೆ ಕೂಡಿಹಾಕಿದ ಮಂದಿಯ ಆಟ ಬೇರೆ. ಈಜುಕೊಳದ ದಂಡೆಯ ಮೇಲೆ ಮೆತ್ತನೆ ದಿಂಬಿಗೆ ಆತುಕೊಂಡು, "ಮನೆ ನೆನಪಾಗ್ತಿದೆ" ಎಂದು ಮೂಗು ಒರೆಸಿಕೊಳ್ಳುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಕ್ಕಟೆ ಊಟ, ಪುಕ್ಕಟೆ ನಿದ್ದೆ, ಇವರಿಗೇನು ಧಾಡಿ ಅಂತ ಅನ್ನಿಸುತ್ತಿತ್ತು.

ನನಗೆ ಹೆರಿಗೆಯಾಗುವವರೆಗೆ ಹಾಗೆ ಅನ್ನಿಸುತ್ತಿತ್ತು.

ನನ್ನ ಗಂಡನ ಮನೆ ಮುದ್ದೇಬಿಹಾಳ, ತವರು ಇಂಡಿ. ನಮ್ಮ ಕಡೆ ಬಾಣಂತನ ತವರಿನದು. ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಬಂದ ದಿನವೇ ಅವ್ವ ನನ್ನನ್ನು ನಡುಮನೆಯ ಪಕ್ಕದ ಖೋಲಿಗೆ ಸೇರಿಸಿದಳು. ಕಿಟಕಿಗೆ ಕಂಬಳಿ ಜಡಿದಾಗಿತ್ತು. ಹೊರಸಿನ ಕೆಳಗೆ ಕೆಂಡದ ಶೆಗಡಿ. ನನ್ನ ತಲೆಗೆ ಸ್ಕಾರ್ಫು, ಕಿವಿಯಲ್ಲಿ ಅರಳೆ, ಹೊಟ್ಟೆಗೆ ಬಿಗಿದು ಕಟ್ಟಿದ ಹಳೆ ಸೀರೆ, ಕಾಲಿಗೆ ಅಪ್ಪನ ಉಣ್ಣೆಯ ಕಾಲುಚೀಲ. ಹೊರಗೆ ಇಂಡಿಯ ಬೇಸಿಗೆ. ಕಾಗೆಗಳು ಕೂಡ ನೆರಳು ಹುಡುಕಿಕೊಂಡು ಕೂತಿದ್ದ ಕಾಲ ಅದು, ನನ್ನನ್ನು ಮಾತ್ರ ಹಿಮಾಲಯಕ್ಕೆ ಕಳಿಸುವವರ ಹಾಗೆ ತಯಾರು ಮಾಡಿದ್ದರು.

ಊಟದ ವಿಷಯ ಹೇಳಿದರೆ ನೀವು ಹೊಟ್ಟೆಕಿಚ್ಚು ಪಡುತ್ತೀರಿ. ಬೆಳಕು ಹರಿಯುವ ಮೊದಲೇ ಅಂಟಿನುಂಡಿ. ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ತುಪ್ಪದಲ್ಲಿ ಅರಳಿಸಿದ ಅಂಟು, ಅದಕ್ಕೆ ಬೆಲ್ಲದ ಪಾಕ. ಅದು ಇಳಿಯುವುದರೊಳಗೆ ಅಳವಿ ಪಾಯಸ. ಆಮೇಲೆ ಎಣ್ಣೆ ಹಚ್ಚಿ, ಚರ್ಮ ಸುಲಿಯುವಷ್ಟು ಬಿಸಿನೀರು ಎರೆದು, ಹೊಗೆ ಹಾಕಿ, ಮಲಗಿಸುವುದು. ಎದ್ದರೆ ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಗಿ ಪಲ್ಯ, ಮೇಲೆ ತುಪ್ಪ. ತುಪ್ಪ ಸಾಕು ಎಂದು ಅಂಗೈ ಅಡ್ಡ ಹಿಡಿದರೆ ಅಂಗೈ ಮೇಲೇ ಸುರಿಯುತ್ತಿದ್ದಳು ಪುಣ್ಯಾತ್ಗಿತ್ತಿ.

ಕೊಡದೇ ಇದ್ದದ್ದು ಏನು ಎಂದು ಕೇಳಿ. ತಣ್ಣೀರು ಇಲ್ಲ, ವಾತವಾಗುತ್ತದೆ. ಹುಳಿ ಇಲ್ಲ, ಕೂಸಿಗೆ ನೆಗಡಿಯಾಗುತ್ತದೆ. ಪುಸ್ತಕ ಇಲ್ಲ, ಕಣ್ಣಿಗೆ ಬರುತ್ತದೆ. ಮೊಬೈಲು ತಿಜೋರಿಯಲ್ಲಿ, ಕೀಲಿಕೈ ಅವ್ವನ ಸೊಂಟದಲ್ಲಿ. ಗಂಡನ ಫೋನು ಬಂದರೆ ಅವ್ವ ಬಾಗಿಲಲ್ಲೇ ನಿಂತು, ಫೋನನ್ನು ದೂರ ಹಿಡಿದುಕೊಂಡು, ನಮ್ಮಿಬ್ಬರ ನಡುವೆ ವಕೀಲಿ ಮಾಡುತ್ತಿದ್ದಳು. "ಆರಾಮ ಅದಾಳಂತ. ಉಂಡಾಳಂತ. ಇಡ್ಲ್ಯಾ?" ಆಯಿತು, ಇಟ್ಟೇಬಿಡುತ್ತಿದ್ದಳು. ನಮ್ಮಪ್ಪ ಲಿಂಬೆಹಣ್ಣಿನ ವ್ಯಾಪಾರಿ. ಅಂಗಳದಲ್ಲಿ ಲಿಂಬೆಯ ಚೀಲಗಳು ಒಟ್ಟಿರುತ್ತಿದ್ದವು. ಆ ವಾಸನೆ ಕಂಬಳಿಯನ್ನು ದಾಟಿ ಬಂದು ನನ್ನ ಮೂಗಿಗೆ ಬಡಿಯುತ್ತಿತ್ತು. ಒಂದು ಲೋಟ ಲಿಂಬೆ ಶರಬತ್ತು, ಅದರೊಳಗೆ ಐಸಿನ ತುಂಡು, ಕಟ್ಟೆಯ ಮೇಲೆ ಕುಳಿತು ಸಂಜೆಯ ಗಾಳಿ. ಜೀವ ಅಷ್ಟಕ್ಕೇ ಹಾತೊರೆಯುತ್ತಿತ್ತು. ಅಪ್ಪನನ್ನು ಕೇಳಿದರೆ, "ನಿಮ್ಮವ್ವನ್ನ ಎದುರ ಹಾಕ್ಕೊಳ್ಳೂದು ನನ್ನ ಕೈಲೆ ಆಗೂದಿಲ್ಲವ್ವ" ಎಂದು ಮಾರ್ಕೆಟ್ಟಿಗೆ ಹೋಗಿಬಿಡುತ್ತಿದ್ದ.

ಟಿವಿಯನ್ನಂತೂ ಮನೆಯಿಂದಲೇ ಗಡಿಪಾರು ಮಾಡಿದ್ದಳು. ಅದರ ಸದ್ದಿಗೆ ಕೂಸು ಬೆಚ್ಚುತ್ತದೆಯಂತೆ. ಪಕ್ಕದ ಮನೆಯ ಖಾಲಾ ನಮ್ಮ ಅವ್ವನ ಜೀವದ ಗೆಳತಿ, ಅವರ ಟಿವಿ ಕೆಟ್ಟು ಎಷ್ಟೋ ದಿನವಾಗಿತ್ತು. ಟಿವಿ ಅವರ ಮನೆಗೆ ಹೋಯಿತು. ದಿನಾ ಸಂಜೆ ಅವ್ವ ಕೂಸನ್ನೂ ನನ್ನನ್ನೂ ಮಲಗಿಸಿ, ಬೆಕ್ಕು ಬಂದೀತೆಂದು ಖೋಲಿಯ ಹೊರಗಿನಿಂದ ಚಿಲಕ ಹಾಕಿ, ಖಾಲಾನ ಮನೆಗೆ ಸೀರಿಯಲ್ ನೋಡಲು ಹೋಗುತ್ತಿದ್ದಳು. ಮರಳಿ ಬಂದು ನನಗೆ ಕಥೆ ಹೇಳಬೇಕು. ಅದೊಂದೇ ನನಗೆ ಉಳಿದಿದ್ದ ಮನರಂಜನೆ.

ಆ ಸೀರಿಯಲ್ಲಿನ ಕಥೆ ನಾನು ಹೆರಿಗೆಗೆ ಮೊದಲೇ ನೋಡುತ್ತಿದ್ದುದು. ಒಬ್ಬ ಸಾಹುಕಾರ ಒಬ್ಬ ಹುಡುಗಿಯನ್ನು ಮದುವೆಯಾಗೆಂದು ಕಾಡಿ, ಊರಾಚೆಯ ಬಂಗಲೆಯಲ್ಲಿ ಕೂಡಿಹಾಕಿದ್ದ. ಗುಂಡಗಿನ ಹಾಸಿಗೆ, ಕೆಂಪು ಪರದೆ, ಎಲ್ಲ ಇತ್ತು. ನಾವು ಆಕೆಯನ್ನು ಬಂಗಲೆಯಾಕಿ ಎಂದೇ ಕರೆಯುತ್ತಿದ್ದೆವು.

ಮೊದಮೊದಲು ಅವ್ವ ನಿಯತ್ತಾಗಿಯೇ ಹೇಳಿದಳು.

"ಇವತ್ತ ಆಕಿ ತಾಟ ಒಗದಳು ನೋಡು. ಬಿಸಿ ಬಿಸಿ ಅನ್ನ! ಏನ್ ದಿಮಾಕ ಬೇ ಆಕಿದು."

"ಒಗೀದ ಏನ್ ಮಾಡ್ತಾಳಬೇ? ಆಕಿನ್ನ ಕೂಡಿಹಾಕ್ಯಾರ."

"ಕೂಡಿಹಾಕಿದ್ರ ಏನಾತು? ಉಣ್ಣಾಕೇನ ಧಾಡಿ? ಒಲಿ ಮುಂದ ಕುಂತಾಕಿಗಿ ಗೊತ್ತು, ಅನ್ನ ಮಾಡೂದು ಏನಂತ."

ನನಗೆ ರೇಗಿಹೋಯಿತು. ಅದು ಬಂಗಲೆಯಾಕಿಗೆ ಹೇಳಿದ್ದಲ್ಲ, ಮಧ್ಯಾಹ್ನ ತುಪ್ಪದ ಅನ್ನ ಬಿಟ್ಟಿದ್ದ ನನಗೆ ಹೇಳಿದ್ದು. ಎದ್ದು ಕುಳಿತೆ. ಸ್ಕಾರ್ಫು ಕಿತ್ತು ಒಗೆದೆ. "ನನಗ ಸಾಕಾಗೇತಿ. ನಾ ನಾಳೆ ಹೊರಗ ಕಟ್ಟಿ ಮ್ಯಾಲ ಕುಂದ್ರಾಕಿ. ಶರಬತ್ ಕುಡಿಯಾಕಿ. ಯಾರ್ ಬರ್ತೀರಿ ಬರ್ರಿ" ಎಂದು ಕೂಗಿದೆ. ಅವ್ವ ಸ್ಕಾರ್ಫು ಎತ್ತಿ, ಜಾಡಿಸಿ, ಮತ್ತೆ ನನ್ನ ತಲೆಗೆ ಬಿಗಿದಳು. ವಾದ ಜೋರಾಯಿತು, ಕೂಸು ಎದ್ದಿತು, ಕೊನೆಗೆ ಒಂದು ಒಪ್ಪಂದವಾಯಿತು. ಬಂಗಲೆಯಾಕಿ ಯಾವತ್ತು ಬಂಗಲೆಯಿಂದ ಪಾರಾಗಿ ಹೊರಗೆ ಬರುತ್ತಾಳೋ, ಅವತ್ತೇ ನಾನೂ ಖೋಲಿಯಿಂದ ಹೊರಗೆ. ಅಲ್ಲಿಯವರೆಗೆ ನಾನು ತಕರಾರಿಲ್ಲದೆ ಉಣ್ಣಬೇಕು.

ನಾನು ಒಳಗೊಳಗೇ ಕುಣಿದೆ. ಸೀರಿಯಲ್ಲುಗಳಲ್ಲಿ ನಾಯಕಿಯನ್ನು ಎಷ್ಟು ದಿನ ಅಂತ ಕೂಡಿಹಾಕುತ್ತಾರೆ? ನಾಯಕ ಹಬ್ಬದ ದಿನ ಬಂದೇ ಬರುತ್ತಾನೆ, ಗಾಜು ಒಡೆಯುತ್ತಾನೆ, ಕರೆದುಕೊಂಡು ಹೋಗುತ್ತಾನೆ. ನನ್ನ ಅವ್ವನಿಗೆ ಇಷ್ಟೂ ತಿಳಿಯಲಿಲ್ಲವಲ್ಲ ಎಂದು ನಗು ಬಂತು. ಅವತ್ತಿನ ಅನ್ನವನ್ನು ತುಪ್ಪ ಸಮೇತ ಬಾಯಿ ಚಪ್ಪರಿಸಿ ಉಂಡೆ.

ಆಮೇಲೆ ದಿನಗಳು ಕಳೆದವು. ನಾಯಕ ಬರಲಿಲ್ಲ.

"ಇವತ್ತ ಏನಾತಬೇ?"

"ಏನಿಲ್ಲ. ಉಂಡಳು, ಮಕ್ಕೊಂಡಳು."

"ನಾಯಕ?"

"ಅಂವಾ ಎಲ್ಲಿ ಹಾಳಾಗಿ ಹೋಗ್ಯಾನೋ ಏನೋ. ಈಕಿ ಅಂತೂ ಉಂಡಳು, ಮಕ್ಕೊಂಡಳು."

ಮರುದಿನ ಸಾಹುಕಾರನ ತಾಯಿ ಬಂಗಲೆಗೆ ಬಂದು ಆಕೆಯ ತಲೆಗೆ ಎಣ್ಣೆ ಹಚ್ಚಿದಳಂತೆ. ನನಗೆ ಸೋಜಿಗವೆನಿಸಿತು. ಖಳನಾಯಕನ ತಾಯಿ ಯಾಕೆ ಎಣ್ಣೆ ಹಚ್ಚುತ್ತಾಳೆ? "ತಲಿ ಕಾದಿತ್ತು ಆಕಿದು, ಹಚ್ಚಿದಳು" ಎಂದಳು ಅವ್ವ. ಅದರ ಮರುದಿನ ಬಂಗಲೆಯ ಕಾವಲುಗಾರ ಹಂಡೆ ತುಂಬ ಬಿಸಿನೀರು ಕಾಸಿ ಇಟ್ಟನಂತೆ. ಆಮೇಲೊಂದು ದಿನ ಬಂಗಲೆಯಾಕಿಗೆ ಅಂಟಿನುಂಡಿ ಕೊಟ್ಟರು.

"ಅಂಟಿನುಂಡಿ? ಯವ್ವಾ, ಆಕಿಯೇನ ಹಡದಾಳ?"

"ಯಾಕ, ಹಡದವರ ತಿನ್ನಬೇಕೇನ? ನಡಾ ನೋಯತಿದ್ದೀತು ಪಾಪ, ತಿಂದಳು. ಗೋಡಂಬಿ ಬಾಳ ಹಾಕಿದ್ರು."

ಗೋಡಂಬಿ ಎಷ್ಟು ಹಾಕಿದ್ದರೆಂದು ಟಿವಿಯಲ್ಲಿ ಹೇಗೆ ಕಾಣುತ್ತದೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಹೆತ್ತವರ ಬುದ್ಧಿ ಕೆಲವು ದಿನ ಮಂದವಾಗಿರುತ್ತದೆಂದು ಹೇಳುತ್ತಾರೆ, ನನ್ನದು ತುಪ್ಪದಲ್ಲಿ ಮುಳುಗಿಯೇ ಹೋಗಿತ್ತು. "ದಿನಾ ಇಷ್ಟ ಮಕ್ಕೊಂಡ್ರ ಈ ಸೀರಿಯಲ್ ಯಾರ್ ನೋಡ್ತಾರಬೇ?" ಎಂದೆ. "ನಾ ನೋಡ್ತೇನಿ" ಎಂದು ಅವ್ವ ಕೂಸಿನ ಲಂಗೋಟಿ ಬದಲಿಸಿದಳು.

ಬೇರೆಯವರಿಂದ ಸುದ್ದಿ ತೆಗೆಯೋಣವೆಂದರೆ ಖಾಲಾ ಬಂದು ಕುಳಿತರೂ ಬಾಯಿ ಬಿಡುತ್ತಿರಲಿಲ್ಲ. ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇಲ್ಲ. ಆದರೆ ಅಡಿಕೆ ಬಾಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತಾದರೂ ಸುಮ್ಮನೆ ಕೂರಬಲ್ಲರು.

"ಖಾಲಾ, ಬಂಗಲೆಯಾಕಿ ಹೊರಗ ಬಂದಳೇನ್ರಿ?"

"ನಿಮ್ಮವ್ವನ್ನ ಕೇಳು, ಬೇಟಾ."

"ನೀವೂ ಕೂಡೇ ನೋಡ್ತೀರಲ್ರಿ?"

"ಹೂಂ, ಟಿವಿ ಹಚ್ಚಿರತೈತಿ" ಎನ್ನುತ್ತಿದ್ದರು. ಮುಂದೆ ಅಡಿಕೆಯ ಸದ್ದು.

ಸಿಂದಗಿಯಿಂದ ದೊಡ್ಡವ್ವ ಕೂಸನ್ನು ನೋಡಲು ಬಂದಳು. ಬಾಣಂತಿಯ ಮನಸ್ಸು ಕೆಡಿಸಬಾರದು, ಕೇಳಿದ್ದಕ್ಕೆಲ್ಲ ಹೂಂ ಅನ್ನಬೇಕು, ಇದು ನಮ್ಮ ಕಡೆಯ ಕಾಯಿದೆ. ದೊಡ್ಡವ್ವ ಕಾಯಿದೆಯನ್ನು ಚಾಚೂ ತಪ್ಪದೆ ಪಾಲಿಸುವ ಹೆಂಗಸು.

"ದೊಡ್ಡವ್ವ, ಬಂಗಲೆಯಾಕಿ ಇನ್ನೂ ಒಳಗ ಅದಾಳ?"

"ಹೂಂ ನಮ್ಮವ್ವ, ಒಳಗ ಅದಾಳ."

"ಹೊರಗ ಬಂದಳು ಅಂದ್ರಲ್ಲ ಮತ್ತ?"

"ಹೂಂ, ಹೊರಗೂ ಬಂದಾಳ."

ಬಸವನ ಬಾಗೇವಾಡಿಯ ಚಿಗವ್ವ ಇನ್ನೂ ಒಂದು ಕೈ ಮೇಲು. ಆಕೆಗೆ ಹೂಂ ಅಂದು ಸುಮ್ಮನಿರಲು ಬರುವುದಿಲ್ಲ, ಏನಾದರೂ ಸೇರಿಸಲೇಬೇಕು. "ಅಯ್ಯ, ಆಕಿದು ಕೇಳಬ್ಯಾಡ, ಗಂಡು ಹಡದಾಳ, ಕೂಸು ದುಂಡಗೈತಿ" ಎಂದುಬಿಟ್ಟಳು. ಮದುವೆಯೇ ಆಗದ ಹುಡುಗಿ! ನಾನು ಬಾಯಿ ತೆರೆದುಕೊಂಡು ಕುಳಿತೆ. ಚಿಗವ್ವ ಬಸ್ಸು ಹತ್ತಿ ಹೋದ ಮೇಲೆ ಅವ್ವ ಇದನ್ನು ಸರಿಪಡಿಸಲು ಪಟ್ಟ ಪಾಡು ಯಾವ ಕಥೆಗಾರನಿಗೂ ಬೇಡ. ಮೊದಲು ಅದು ಬಂಗಲೆಯಾಕಿಗೆ ಬಿದ್ದ ಕನಸು ಎಂದಳು. ಆಮೇಲೆ ಕೂಸು ಅಡುಗೆಯವಳದು ಎಂದಳು. ಕೊನೆಗೆ, "ಬಾಗೇವಾಡ್ಯಾಗ ಬ್ಯಾರೆ ಚಾನೆಲ್ ಬರತೈತಿ, ಸುಮ್ನ ಮಕ್ಕೊ" ಎಂದು ದೀಪ ಆರಿಸಿದಳು.

ಸಂಶಯ ಬಂದಿತು, ಆದರೆ ಬಂದು ಏನು ಮಾಡುವುದು? ಹೊರಗಿನಿಂದ ಚಿಲಕ. ನನ್ನ ಸಿಟ್ಟೆಲ್ಲ ಆ ನಾಲಾಯಕ್ ನಾಯಕನ ಮೇಲೆ ತಿರುಗಿತು. ಒಂದು ಗಾಜು ಒಡೆಯಲು ಎಷ್ಟು ದಿನ ಬೇಕು ಆ ಗಂಡಸಿಗೆ ಎಂದು ಕೂಸಿನ ಮುಂದೆ ಬೈಯುತ್ತಿದ್ದೆ. ಕೂಸು ಕೈಕಾಲು ಬಡಿದು ಒಪ್ಪುತ್ತಿತ್ತು.

ಒಂದು ಸಂಜೆ ಅವ್ವ ಖಾಲಾನ ಮನೆಗೆ ಹೋದ ಸ್ವಲ್ಪ ಹೊತ್ತಿಗೆ ಚಿಲಕ ಸರಿದ ಸದ್ದಾಯಿತು. ನೋಡಿದರೆ ನನ್ನ ಗಂಡ. ಮುದ್ದೇಬಿಹಾಳದಿಂದ ಹೇಳದೆ ಕೇಳದೆ ಬಂದಿದ್ದ. ಅತ್ತೆಯ ಕಾವಲಿಲ್ಲದ ಬಾಗಿಲನ್ನು ಅವನು ಆವತ್ತೇ ಮೊದಲು ಕಂಡದ್ದು. ಖುಷಿಯಲ್ಲಿ, "ಹೆಂಗಿದ್ದೀ?" ಎಂದು ಶುರು ಮಾಡಿದ. ನಾನು ಪ್ರೀತಿಯಿಂದ ಅವನ ಅಂಗಿಯ ಜೇಬಿಗೆ ಕೈ ಹಾಕಿ ಮೊಬೈಲು ಕಸಿದುಕೊಂಡೆ.

"ಏ, ಅತ್ತಿಯವರು ಬೈತಾರ, ಕಣ್ಣಿಗೆ..."

"ಸುಮ್ನ ಕುಂದರ್ರಿ ನೀವು."

ಹುಡುಕಿದೆ. ಸಿಕ್ಕಿತು. ಬಂಗಲೆಯಾಕಿ ಪಾರಾಗಿ ಎಷ್ಟೋ ಕಾಲವಾಗಿತ್ತು! ನಾವು ಒಪ್ಪಂದ ಮಾಡಿಕೊಂಡ ವಾರವೇ ಆಕೆ ತಾನೇ ಗಾಜು ಒಡೆದು, ಕೆಂಪು ಪರದೆಯನ್ನೇ ಹಗ್ಗ ಮಾಡಿಕೊಂಡು ಇಳಿದು, ನಾಯಕನ ಬೈಕು ಹತ್ತಿ ಹೋಗಿದ್ದಳು. ಆಮೇಲೆ ಮದುವೆಯಾಗಿ, ಜಗಳವಾಗಿ, ಈಗ ಕೋರ್ಟಿನಲ್ಲಿದ್ದಳು. ಬಂಗಲೆ ಮಾರಾಟವಾಗಿತ್ತು. ಇಲ್ಲಿ ನಾನು ಮಾತ್ರ ಆಕೆಯ ಹೆಸರಿನಲ್ಲಿ ದಿನಾ ಅಂಟಿನುಂಡಿ ನುಂಗುತ್ತ ಕುಳಿತಿದ್ದೆ.

ನೆತ್ತಿಗೇರಿತು ನೋಡಿ. ಕೂಸನ್ನು ಗಂಡನ ತೊಡೆಗೆ ಹಾಕಿದೆ. ಅದುವರೆಗೆ ಅವನು ಮಗಳನ್ನು ಒಬ್ಬನೇ ಎತ್ತಿಕೊಂಡವನಲ್ಲ. ಗಾಜಿನ ಸಾಮಾನು ಹಿಡಿದವನ ಹಾಗೆ ಉಸಿರು ಬಿಗಿಹಿಡಿದು, "ಲೇ, ಇದು ನನ್ನ ನೋಡಾಕತ್ತೇತಿ" ಎಂದ. ನೋಡಲಿ, ಅಪ್ಪ ಯಾರೆಂದು ಗೊತ್ತಾಗಲಿ. ನಾನು ಹೊಸ್ತಿಲು ದಾಟಿದೆ. ಅಂಗಳದ ಗಾಳಿ ಮುಖಕ್ಕೆ ಬಡಿಯಿತು, ಲಿಂಬೆಯ ಚೀಲಗಳು ಕಾಲಿಗೆ ತಾಗಿದವು, ಯಾವುದನ್ನೂ ಲಕ್ಷಿಸಲಿಲ್ಲ. ಅಪ್ಪನ ಕಾಲುಚೀಲದಲ್ಲೇ ದಬದಬ ನಡೆದೆ. ಏನು ಮಾತು ಆಡಬೇಕೆಂದು ಬಾಯಲ್ಲಿ ತಯಾರು ಮಾಡಿಕೊಂಡೇ ಹೋದೆ. ಹೆತ್ತ ಮಗಳಿಗೆ ಮೋಸ ಮಾಡುತ್ತೀಯಾ, ಸಿಕ್ಕಿಬಿದ್ದೆ ಈಗ, ಕೊಡು ನನ್ನ ಶರಬತ್ತು.

ಖಾಲಾನ ಮನೆಯ ಬಾಗಿಲು ತೆರೆದೇ ಇತ್ತು. ನಮ್ಮ ಟಿವಿ ಸದ್ದಿಲ್ಲದೆ ಉರಿಯುತ್ತಿತ್ತು, ತೆರೆಯ ಮೇಲೆ ವಕೀಲರು ಬಾಯಿ ಆಡಿಸುತ್ತಿದ್ದರು. ಖಾಲಾ ಒಂದು ಕಡೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದರು. ಅವ್ವ ಗೋಡೆಗೆ ಒರಗಿ, ಬಾಯಿ ತೆರೆದುಕೊಂಡು, ನಿದ್ದೆ ಹೋಗಿದ್ದಳು.

ಸುಮ್ಮನೆ ಕಣ್ಣು ಮುಚ್ಚಿದ್ದಲ್ಲ ಅದು. ಕೈಗಳು ಎರಡೂ ಪಕ್ಕಕ್ಕೆ ಬಿದ್ದಿದ್ದವು. ಒಂದರಲ್ಲಿ ನನಗೆ ಹಚ್ಚಿದ ಎಣ್ಣೆಯ ಜಿಡ್ಡು ಇನ್ನೂ ಇತ್ತು. ಸೆರಗಿಗೆ ಹೊಗೆಯ ಕರಿ, ಬೆಲ್ಲದ ಕಲೆ. ಕುಳಿತ ಜಾಗದಲ್ಲೇ ಯಾರೋ ಕಡಿದು ಹಾಕಿದ ಹಾಗೆ ಮಲಗಿದ್ದಳು.

ಖಾಲಾ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಎಬ್ಬಿಸಬ್ಯಾಡ ಬೇಟಾ. ದಿನಾ ಹಿಂಗ."

"ದಿನಾ?"

"ಬಂದು ಕುಂತಾಕಿ ಕುಂತಂಗ ಮಕ್ಕೊಂಡಬಿಡ್ತಾಳ. ಕಡೀ ಪದಾ ಮುಗದ ಮ್ಯಾಲ ನಾ ಎಬ್ಬಸ್ತೇನಿ. 'ಏನಾತ ಏನಾತ' ಅಂತ ಕೇಳ್ಕೋತ ಎದ್ದ ಹೊಂಡ್ತಾಳ. ನಾ ಹೇಳೂದರಾಗ ಮನಿ ಮುಟ್ಟಿರ್ತಾಳ."

ನಾನು ಬಾಗಿಲಲ್ಲೇ ನಿಂತೆ. ಬಂಗಲೆಯಾಕಿ ಪಾರಾದದ್ದು ಅವ್ವನಿಗೆ ಗೊತ್ತೇ ಇರಲಿಲ್ಲ. ನನ್ನ ಬೆನ್ನಿಗೆ ಬಿಸಿನೀರು ಸುರಿಯುವವಳು ಅವಳು, ಹಾಲು ಕಾಸುವವಳು, ಕೂಸು ಅತ್ತಾಗಲೆಲ್ಲ ನನಗಿಂತ ಮೊದಲು ಏಳುವವಳು. ಈ ಒಂದು ಸೀರಿಯಲ್ಲಿನ ಹೊತ್ತೇ ಅವಳ ನಿದ್ದೆ, ಅವಳು ಕಣ್ಣು ಮುಚ್ಚಿದ್ದನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ. ಎದ್ದು ಬಂದು ನನಗೆ ಹೇಳಿದ ಕಥೆಯಾದರೂ ಎಂಥದು? ಯಾರೋ ತಲೆಗೆ ಎಣ್ಣೆ ಹಚ್ಚಿದರು, ಯಾರೋ ನೀರು ಕಾಸಿಟ್ಟರು, ಬಿಸಿ ಅನ್ನ ಕೊಟ್ಟರು, ಉಂಡಳು, ಮಲಗಿದಳು. ಅಳು ಬಂತು. ಬಾಣಂತಿ ಅಳಬಾರದು ಎಂದು ಖಾಲಾ ಕಣ್ಣಲ್ಲೇ ಗದರಿದರು.

"ನಿನ್ನ ಬಾಣಂತನ ಮುಗದ ಮ್ಯಾಲ ನಿಮ್ಮವ್ವಗೂ ಒಂದ ಬಾಣಂತನ ಮಾಡ್ರಿ ಅಂತ ನಾನ ಹೇಳಬೇಕಂತಿದ್ದೆ" ಎಂದು ಖಾಲಾ ಪಿಸುಮಾತಿನಲ್ಲಿ ಅಂದರು. "ನೀ ಹುಟ್ಟಿದಾಗ ನಿಮ್ಮ ಅಜ್ಜಿ ಇರಲಿಲ್ಲ. ತೊಟ್ಟಲಾ ಹಾಕಿದ ಮರದಿನಾನ ಒಲಿ ಮುಂದ ರೊಟ್ಟಿ ಬಡಿಯಾಕ ಕುಂತಿದ್ದಳು. ನಾ ನೋಡೇನಿ."

ನಾನು ಟಿವಿಯತ್ತ ನೋಡಿದೆ. ಕೋರ್ಟಿನಲ್ಲಿ ಬಂಗಲೆಯಾಕಿ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಸೊರಗಿದ್ದಳು. ಸದ್ದಿಲ್ಲದೆ ಹಿಂದೆ ಸರಿದು, ಬಂದ ದಾರಿಯಲ್ಲೇ ಮನೆಗೆ ಬಂದೆ. ಗಂಡ ಕೂತಲ್ಲೇ ಕೂತಿದ್ದ, ಮಗಳು ಅವನ ಅಂಗಿಯನ್ನು ತೋಯಿಸಿದ್ದಳು. ಅವನನ್ನು ಅಪ್ಪನ ಕೋಣೆಗೆ ಅಟ್ಟಿದೆ, ಹೊರಗಿನಿಂದ ಚಿಲಕ ಹಾಕಿ ಹೋಗೆಂದೆ. ಅವನು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದ. ಸ್ಕಾರ್ಫು ಕಟ್ಟಿಕೊಂಡು, ಕಿವಿಗೆ ಅರಳೆ ತುರುಕಿಕೊಂಡು, ಹೊರಸಿನ ಮೇಲೆ ಮಲಗಿದೆ.

ಸ್ವಲ್ಪ ಹೊತ್ತಿಗೆ ಅವ್ವ ಬಂದಳು. ಕೆನ್ನೆಯ ಮೇಲೆ ಗೋಡೆಯ ಸುಣ್ಣದ ಗುರುತಿತ್ತು. ಬಂದವಳೇ ಶೆಗಡಿಯ ಬೂದಿ ಕೆದರಲು ಕುಳಿತಳು.

"ಬಂದಳೇನ ಹೊರಗ?" ಎಂದೆ.

ಅವ್ವ ತಲೆ ಎತ್ತಲಿಲ್ಲ. "ಇಲ್ಲ. ಇವತ್ತೂ ಒಳಗ ಅದಾಳ. ಪಾಪ, ಚೊಲೊ ನಿದ್ದಿ ಹತ್ತಿತ್ತು ಆಕಿಗಿ."

"ಅರ್ಧಾ ತಾಸಿನಾಗ ಎಷ್ಟ ಕಥಿ ಬರತೈತಬೇ? ಅದರ ಮುಂದಿನ ಸೀರಿಯಲ್ಲೂ ಚೊಲೊ ಐತಂತ, ಹಿಂದಿಂದೂ ಚೊಲೊ ಐತಂತ. ನಿನ್ನ ಅಳ್ಯಾ ಬಂದಾರ, ನಾಳಿಂದ ಕೂಸಿನ್ನ ಅವರು ನೋಡ್ಕೋತಾರ, ರಜಾ ಹಾಕಸ್ತೇನಿ. ನೀ ಲಗೂನ ಹೋಗು ಯವ್ವಾ, ಮೂರೂ ನೋಡ್ಕೊಂಡ ಬಾ."